ಒಳಗೆ ಹೊರಗೆ: ಆಂಡರ್ಸನ್‌ನ ಮರ ಮತ್ತು ಕಾಗದದ ಹೃದಯ

ಕಳೆದ ಡಿಸೆಂಬರಿನ ಒಂದು ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಕೂತು ಎರಡು ಬಣ್ಣದ ಕಾಗದಗಳನ್ನು ಹೆಣೆದು ಒಂದು ಹೃದಯ ಮಾಡಿದೆ. ಒಂದು ಕೆಂಪು, ಇನ್ನೊಂದು ಬಿಳಿ. ಡೆನ್ಮಾರ್ಕಿನ ಮನೆಗಳಲ್ಲಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಅಲಂಕಾರ ಇದು. ಅಲ್ಲಿ ಇದನ್ನು ಕ್ರಿಸ್‌ಮಸ್ ಹೃದಯ ಎಂದೇ ಕರೆಯುತ್ತಾರೆ. ಕೆಂಪು ಬಿಳಿ ಚೌಕಗಳು ಚದುರಂಗದ ಮಣೆಯ ಹಾಗೆ ಸಾಲಾಗಿ ಕೂತಿದ್ದವು. ನನ್ನ ಕೈಗೆಲಸದ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಯಿತು. ರೂಮ್‌ಮೇಟ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರೊಳಗೆ ಏನಾದ್ರೂ ಹಾಕ್ತಾರಲ್ವಾ?" ಎನ್ನುತ್ತಾ ಒಂದು ಕಡಲೆಮಿಠಾಯಿ ತುರುಕಲು ನೋಡಿದಳು. ಅದು ಬಾಯಿ ಬಿಡಲಿಲ್ಲ. ಇನ್ನೂ ಸ್ವಲ್ಪ ಎಳೆದಾಗ ಅಂಚು ಹರಿಯಿತು. ನಿಜವಾದ ಕ್ರಿಸ್‌ಮಸ್ ಹೃದಯ ಒಂದು ಬುಟ್ಟಿ. ಅದರೊಳಗೆ ಸಿಹಿ ತುಂಬಿ ಮರಕ್ಕೆ ನೇತುಹಾಕುತ್ತಾರೆ. ನಾನು ಮಾಡಿದ್ದು ಹೃದಯದ ಆಕಾರದ ಒಂದು ಚಾಪೆ.

ಅದಕ್ಕೆ ಕೆಲವೇ ದಿನ ಮೊದಲು ನನ್ನ ಪಿಎಚ್‌ಡಿ ಪ್ರಗತಿ ಪರಿಶೀಲನೆಯ ಸಭೆ ನಡೆದಿತ್ತು. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ 'ಫರ್ ಮರ' ಕತೆಯ ಮೇಲೆ ನಲವತ್ತು ಪುಟಗಳ ಅಧ್ಯಾಯ ಬರೆದು ಕೊಟ್ಟಿದ್ದೆ. ಸಭೆಯಲ್ಲಿದ್ದ ಹಿರಿಯರೊಬ್ಬರು ಪುಟ ತಿರುವಿ ಹಾಕುತ್ತಾ, "ಮರ ಆಸೆಪಟ್ಟಿತು, ಕೆಟ್ಟಿತು. ಮಕ್ಕಳಿಗೆ ಇರೋದನ್ನ ಅನುಭವಿಸಿ ಅಂತ ನೀತಿ. ಇದರಲ್ಲಿ ನಲವತ್ತು ಪುಟ ಬರೆಯುವಂಥದ್ದು ಏನಿದೆ?" ಎಂದು ಕೇಳಿದರು. ನಾನು ಏನೇನೋ ಉತ್ತರ ಹೇಳಿದೆ. ಕೋಣೆಗೆ ಬಂದು ಅಧ್ಯಾಯವನ್ನು ಮತ್ತೆ ಓದಿದಾಗ ಬೇಸರವಾಗಿದ್ದು ಅವರ ಪ್ರಶ್ನೆಯಿಂದಲ್ಲ. ನಾನು ನಲವತ್ತು ಪುಟಗಳಲ್ಲಿ ಹೇಳಿದ್ದು ಅವರು ಎರಡು ವಾಕ್ಯದಲ್ಲಿ ಹೇಳಿದ್ದನ್ನೇ. ನಾನು ಬಳಸಿದ ಪರಿಭಾಷೆ ಮಾತ್ರ ದೊಡ್ಡದಾಗಿತ್ತು.

ಹರಿದ ಹೃದಯವೂ ಆ ಅಧ್ಯಾಯವೂ ಮೇಜಿನ ಮೇಲೆ ಅಕ್ಕಪಕ್ಕ ಬಿದ್ದಿದ್ದವು. ಎರಡೂ ಯಾಕೆ ತೆರೆಯಲಿಲ್ಲ ಎಂದು ಯೋಚಿಸುತ್ತಾ ಹೋದಾಗ ಹೊಳೆದ ಒಂದು ಓದನ್ನು ಇಲ್ಲಿ ಬರೆಯುತ್ತಿದ್ದೇನೆ.

*

ಈ ಬಗೆಯ ಹೆಣೆದ ಹೃದಯಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯದನ್ನು ಮಾಡಿದವನು ಆಂಡರ್ಸನ್ ಎಂದು ಹೇಳಲಾಗುತ್ತದೆ. ಅದು 1860ರದ್ದು, ಅವನ ಹುಟ್ಟೂರಾದ ಓಡೆನ್ಸ್‌ನ ಮ್ಯೂಸಿಯಮ್ಮಿನಲ್ಲಿದೆ. ಆ ಹೃದಯ ಕ್ರಿಸ್‌ಮಸ್ ಮರದ ಮನೆಮನೆಯ ಅಲಂಕಾರವಾಗಿ ಸ್ಕಾಂಡಿನೇವಿಯಾದಲ್ಲಿ ಹರಡಿದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಕೆಂಪು ಬಿಳುಪು ಡೆನ್ಮಾರ್ಕಿನ ಬಾವುಟದ ಬಣ್ಣಗಳೂ ಹೌದು. ಹಾಗಾಗಿ ಈಗ ಅದೇ ಜೋಡಿ ರೂಢಿಯಾಗಿದೆ.

ಕತೆಗಾರ ಆಂಡರ್ಸನ್ ಎಲ್ಲರಿಗೂ ಗೊತ್ತು. ಕತ್ತರಿ ಹಿಡಿದ ಆಂಡರ್ಸನ್ ನಮ್ಮಲ್ಲಿ ಅಷ್ಟು ಪರಿಚಿತನಲ್ಲ. 1805ರಲ್ಲಿ ಓಡೆನ್ಸ್‌ನಲ್ಲಿ ಹುಟ್ಟಿದ ಅವನ ಅಪ್ಪ ಚಮ್ಮಾರ, ಅಮ್ಮ ಬೇರೆಯವರ ಬಟ್ಟೆ ಒಗೆಯುತ್ತಿದ್ದವಳು. ಹೆಸರು ಬಂದ ಮೇಲೆ ಅವನು ಬದುಕಿನ ದೊಡ್ಡ ಪಾಲನ್ನು ಶ್ರೀಮಂತರ ಮನೆಗಳಲ್ಲಿ ಅತಿಥಿಯಾಗಿ ಕಳೆದ. ಆ ಮನೆಗಳ ಮಕ್ಕಳೆದುರು ಕೂತು, ಕಾಗದವನ್ನು ಮಡಚಿ, ಕತ್ತರಿಸುತ್ತಾ ಕತೆ ಹೇಳುತ್ತಿದ್ದ. ಕತೆ ಮುಗಿಯುವ ಹೊತ್ತಿಗೆ ಕಾಗದ ಬಿಚ್ಚುತ್ತಿದ್ದ. ಅಲ್ಲಿಯವರೆಗೂ ಅದರೊಳಗೆ ಏನು ರೂಪುಗೊಳ್ಳುತ್ತಿದೆ ಎಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅವನ ನೂರಾರು ಕತ್ತರಿಗೆಲಸಗಳು ಇವತ್ತೂ ಉಳಿದಿವೆ. ಹಂಸ, ನರ್ತಕಿ, ಗಾಳಿಗಿರಣಿಯನ್ನೇ ಮೈಯಾಗಿ ಹೊತ್ತ ಮನುಷ್ಯ, ಇವೆಲ್ಲ ಅವುಗಳಲ್ಲಿ ಬರುತ್ತವೆ. ಅವುಗಳ ಜೊತೆಗೇ ಗಲ್ಲುಗಂಬ, ಅದರಿಂದ ನೇತಾಡುವ ಆಕೃತಿ, ಹೃದಯವೂ ಬರುತ್ತವೆ. ಮಕ್ಕಳಿಗೆ ಕೊಡುವ ಉಡುಗೊರೆಯಲ್ಲಿ ಗಲ್ಲುಗಂಬ ಯಾಕೆ ಎಂದು ನಾವು ಹುಬ್ಬೇರಿಸಬಹುದು. ಅವನ ಕತೆಗಳನ್ನು ಓದಿದವರಿಗೆ ಅದು ಆಶ್ಚರ್ಯವಲ್ಲ.

'ಫರ್ ಮರ' 1844ರ ಡಿಸೆಂಬರಿನಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಸರಿಯಾಗಿ, 'ಹಿಮರಾಣಿ' ಕತೆಯ ಜೊತೆ ಒಂದು ಪುಟ್ಟ ಪುಸ್ತಕದಲ್ಲಿ ಪ್ರಕಟವಾಯಿತು. ನಾನು ಅದನ್ನು ಓದಿರುವುದು ಇಂಗ್ಲಿಷ್ ಅನುವಾದಗಳಲ್ಲಿ. ಓದದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ.

ಕಾಡಿನಲ್ಲಿ ಒಂದು ಎಳೆಯ ಫರ್ ಮರ. ಅದಕ್ಕೆ ಬೇಗ ಬೆಳೆಯುವ ಆಸೆ. ದೊಡ್ಡ ಮರಗಳನ್ನು ಕಡಿದು ಒಯ್ದಾಗ ಅವು ಎಲ್ಲಿಗೆ ಹೋದವೆಂದು ಕೇಳುತ್ತದೆ. ಅವು ಹಡಗಿನ ಕಂಬಗಳಾದವು ಎಂದು ಕೊಕ್ಕರೆ ಹೇಳುತ್ತದೆ. ಊರಿನ ಮನೆಗಳ ಕಿಟಕಿಯಲ್ಲಿ ಇಣುಕಿ ಬಂದ ಗುಬ್ಬಚ್ಚಿಗಳು, ಬೆಚ್ಚಗಿನ ಹಜಾರದ ನಡುವೆ ಮರಗಳನ್ನು ನಿಲ್ಲಿಸಿ ಸಿಂಗರಿಸುತ್ತಾರೆ ಎಂದು ಹೇಳುತ್ತವೆ. ಮರಕ್ಕೆ ಈಗ ಅದೇ ಕನಸು. ಒಂದು ಕ್ರಿಸ್‌ಮಸ್‌ನಲ್ಲಿ ಅದನ್ನೂ ಕಡಿಯುತ್ತಾರೆ, ಹಜಾರಕ್ಕೆ ತಂದು ನಿಲ್ಲಿಸುತ್ತಾರೆ, ಸಿಂಗರಿಸುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಮಕ್ಕಳು ಮುಗಿಬಿದ್ದು ತಿಂಡಿ, ಆಟಿಕೆಗಳನ್ನು ಕಿತ್ತುಕೊಳ್ಳುತ್ತಾರೆ. ಒಬ್ಬ ದಪ್ಪನೆಯ ಮನುಷ್ಯ ಮರದ ಕೆಳಗೆ ಕೂತು ಒಂದು ಕತೆ ಹೇಳುತ್ತಾನೆ. ಮೆಟ್ಟಿಲಿನಿಂದ ಉರುಳಿಬಿದ್ದರೂ ರಾಜಕುಮಾರಿಯನ್ನು ಪಡೆದವನ ಕತೆ ಅದು. ನಾಳೆಯೂ ಹೀಗೇ ಇರುತ್ತದೆ ಎಂದು ಮರ ನಂಬುತ್ತದೆ. ಮರುದಿನ ಅದನ್ನು ಅಟ್ಟಕ್ಕೆ ಎಸೆಯುತ್ತಾರೆ. ಅಲ್ಲಿ ಇಲಿಮರಿಗಳಿಗೆ ತನ್ನ ಕಾಡಿನ ಬದುಕನ್ನೂ ತಾನು ಕೇಳಿದ ಒಂದೇ ಒಂದು ಕತೆಯನ್ನೂ ಹೇಳುತ್ತದೆ. ದೊಡ್ಡ ಹೆಗ್ಗಣಗಳು ಬಂದು, ಉಗ್ರಾಣದ ಕತೆ ಗೊತ್ತಿಲ್ಲವೇ ಎಂದು ಕೇಳಿ, ಇದು ಸಪ್ಪೆ ಎಂದು ಹೋಗುತ್ತವೆ. ಇಲಿಮರಿಗಳೂ ಬರುವುದು ಬಿಡುತ್ತವೆ. ಆಮೇಲೊಂದು ದಿನ ಮರವನ್ನು ಅಂಗಳಕ್ಕೆ ಎಳೆದು, ಕಡಿದು, ದೊಡ್ಡ ಹಂಡೆಯ ಕೆಳಗೆ ಉರಿಸುತ್ತಾರೆ. ಅಷ್ಟೇ.

*

ಈ ಕತೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತಾರೆ. ಒಂದು, ನೀತಿಕತೆಯಾಗಿ: ನಾಳೆಯ ಆಸೆಯಲ್ಲಿ ಇವತ್ತನ್ನು ಕಳೆದುಕೊಳ್ಳಬೇಡ. ಇನ್ನೊಂದು, ಆತ್ಮಕತೆಯಾಗಿ: ಬಡವರ ಮಗ ದೊಡ್ಡವರ ಹಜಾರಗಳಲ್ಲಿ ಒಂದು ಸಂಜೆ ಮಿಂಚಿ, ಆಮೇಲೆ ಮರೆಯಾಗುವ ಭಯವನ್ನು ಮರದ ಮೇಲೆ ಹೇರಿದ್ದಾನೆ. ಎರಡಕ್ಕೂ ಕತೆಯಲ್ಲಿ ಆಧಾರ ಇದೆ. ಮೊದಲನೆಯದಕ್ಕಂತೂ ಬೇಕಾದಷ್ಟಿದೆ. ನಿನ್ನ ಎಳೆತನವನ್ನು ಅನುಭವಿಸು ಎಂದು ಸೂರ್ಯಕಿರಣಗಳು ಮರಕ್ಕೆ ಮತ್ತೆ ಮತ್ತೆ ಹೇಳುತ್ತವೆ. ಕೊನೆಯಲ್ಲಿ, ಸುಖಪಡಬಹುದಾಗಿದ್ದಾಗ ಪಡಲಿಲ್ಲವಲ್ಲ ಎಂದು ಮರವೇ ಹಲುಬುತ್ತದೆ. ಇಷ್ಟು ಒತ್ತಿ ಹೇಳಬೇಕಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಆದರೆ ಈ ಎರಡೂ ಓದುಗಳು ಕತೆಯ ಒಂದು ಭಾಗವನ್ನು ದಾಟಿಕೊಂಡು ಹೋಗಿಬಿಡುತ್ತವೆ. ಅದು ಸಿಂಗಾರದ ಭಾಗ. ನನ್ನ ಅಧ್ಯಾಯವೂ ಅದನ್ನು "ವೈಭವದ ವರ್ಣನೆ" ಎಂಬ ಎರಡು ಪದಗಳಲ್ಲಿ ಮುಗಿಸಿತ್ತು. ಆಂಡರ್ಸನ್ ಅಲ್ಲಿ ವೈಭವ ಎಂದು ಹೇಳಿ ಸುಮ್ಮನಾಗುವುದಿಲ್ಲ. ಏನೇನು, ಯಾವುದರಿಂದ ಮಾಡಿದ್ದು ಎಂದು ಹೇಳುತ್ತಾನೆ. ಒಂದು ಕೊಂಬೆಗೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ಪುಟ್ಟ ಬಲೆಗಳು, ಪ್ರತಿ ಬಲೆಯಲ್ಲೂ ಸಿಹಿ. ಚಿನ್ನದ ಬಣ್ಣ ಹಚ್ಚಿದ ಸೇಬು, ಅಕ್ರೋಟು. ನೂರಕ್ಕೂ ಮೀರಿದ ಕೆಂಪು, ನೀಲಿ, ಬಿಳಿ ಮೇಣದ ಬತ್ತಿಗಳು. ತುದಿಯಲ್ಲಿ ಬೇಗಡೆಯ ದೊಡ್ಡ ನಕ್ಷತ್ರ. ಇಲ್ಲಿ 'ಬೇಗಡೆ' ಎನ್ನುವ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಅದು ಚಿನ್ನವಲ್ಲ, ಚಿನ್ನದಂತೆ ಹೊಳೆಯುವ ತೆಳುತಗಡು. ಗಣಪತಿ ಮಂಟಪಕ್ಕೋ ನಾಟಕದ ಕಿರೀಟಕ್ಕೋ ಬೇಗಡೆ ಅಂಟಿಸಿದವರಿಗೆ ಅದರ ಹೊಳಪೂ ಗೊತ್ತು, ಅದರ ಬೆಲೆಯೂ ಗೊತ್ತು.

ಆ ಕಾಗದದ ಬಲೆಯನ್ನು ಮಾಡುವ ಒಂದು ಬಗೆ ನಮ್ಮಲ್ಲಿ ಶಾಲೆಯಲ್ಲಿ ರಾಷ್ಟ್ರೀಯ ಹಬ್ಬಗಳಿಗೆ ತೋರಣ ಕಟ್ಟಿದವರಿಗೂ ಪರಿಚಿತ. ಕಾಗದವನ್ನು ಮಡಚಬೇಕು. ಒಂದು ಕತ್ತರಿಯನ್ನು ಎಡದಿಂದ, ಇನ್ನೊಂದನ್ನು ಬಲದಿಂದ, ಹೀಗೆ ಒಂದಾದ ಮೇಲೊಂದು ಹಾಕಬೇಕು. ಪ್ರತಿ ಕತ್ತರಿಯೂ ಎದುರಿನ ಅಂಚಿನ ಹತ್ತಿರದವರೆಗೆ ಹೋಗಬೇಕು, ಅಂಚನ್ನು ಮುಟ್ಟಬಾರದು. ಆಮೇಲೆ ಮೆಲ್ಲಗೆ ಬಿಡಿಸಿ ಎಳೆದರೆ ಚಪ್ಪಟೆ ಕಾಗದ ಬಲೆಯಾಗುತ್ತದೆ, ಭಾರ ಹೊರುತ್ತದೆ. ಕತ್ತರಿ ಕಡಿಮೆ ಹೋದರೆ ಕಾಗದ ಬಿಚ್ಚಿಕೊಳ್ಳುವುದಿಲ್ಲ, ಹೆಚ್ಚು ಹೋದರೆ ಎರಡು ತುಂಡಾಗುತ್ತದೆ. ಕತ್ತರಿಸಬೇಕು, ಕಡಿದುಹೋಗಬಾರದು. ಕತೆಯಲ್ಲಿ ಕೊಡಲಿಯಿಂದ ಕಡಿಸಿಕೊಂಡು ಬಂದ ಮರದ ಕೊಂಬೆಗೆ, ಹೀಗೆ ಕಡಿದುಹೋಗದಂತೆ ಕತ್ತರಿಸಿದ ಕಾಗದ ತೂಗುತ್ತಿದೆ. ಕತ್ತರಿ ಹಿಡಿದು ಬದುಕಿದ ಲೇಖಕ ಇದನ್ನು ಗಮನಿಸದೆ ಬರೆದ ಎಂದು ಹೇಳುವುದು ನನಗೆ ಕಷ್ಟ.

*

ಇನ್ನು ನನ್ನ ಚಾಪೆಯ ವಿಷಯಕ್ಕೆ ಬರುತ್ತೇನೆ. ಕ್ರಿಸ್‌ಮಸ್ ಹೃದಯಕ್ಕೆ ಎರಡು ಬಣ್ಣದ ಎರಡು ಉದ್ದ ಕಾಗದ ಬೇಕು. ಉದ್ದ ಅಗಲದ ಮೂರರಷ್ಟಿದ್ದರೆ ಅನುಕೂಲ. ಪ್ರತಿಯೊಂದನ್ನೂ ನಡುವೆ ಮಡಚಿ, ತೆರೆದ ತುದಿಯನ್ನು ದುಂಡಗೆ ಕತ್ತರಿಸಬೇಕು. ಮಡಿಕೆಯ ಕಡೆಯಿಂದ ಸಮಾನ ಅಂತರದಲ್ಲಿ ಎರಡೋ ಮೂರೋ ಸೀಳು ಹಾಕಬೇಕು. ಸೀಳಿನ ಉದ್ದ ಕಾಗದದ ಅಗಲಕ್ಕಿಂತ ಒಂದು ಎಳೆ ಹೆಚ್ಚಿರಬೇಕು. ಕಾಗದ ಮಡಚಿದ್ದರಿಂದ ಪ್ರತಿ ಪಟ್ಟಿಯೂ ಎರಡು ಪದರದ ಒಂದು ಕುಣಿಕೆ. ಈಗ ಎರಡನ್ನೂ ಒಂದಕ್ಕೊಂದು ಅಡ್ಡಲಾಗಿಟ್ಟು ಹೆಣೆಯಬೇಕು.

ನಾನು ತಪ್ಪಿದ್ದು ಇಲ್ಲಿ. ಹೆಣಿಗೆ ಎಂದರೆ ನಮ್ಮ ಕೈಗೆ ಗೊತ್ತಿರುವುದು ಚಾಪೆಯ ಹೆಣಿಗೆ: ಒಂದು ಪಟ್ಟಿಯ ಮೇಲೆ, ಮುಂದಿನದರ ಕೆಳಗೆ. ಎರಡು ಪದರವನ್ನೂ ಒಟ್ಟಿಗೆ ಹಿಡಿದು ಮೇಲೆ ಕೆಳಗೆ ದಾಟಿಸಿದರೆ ಚೌಕಗಳ ವಿನ್ಯಾಸ ಬರುತ್ತದೆ, ಹೃದಯದ ಆಕಾರವೂ ಬರುತ್ತದೆ, ಬಾಯಿ ಮಾತ್ರ ಮುಚ್ಚಿಹೋಗಿರುತ್ತದೆ. ಬುಟ್ಟಿಯಾಗಬೇಕಾದರೆ ಮೇಲೆ ಕೆಳಗೆ ಎನ್ನುವುದನ್ನು ಮರೆಯಬೇಕು. ಕೆಂಪು ಕುಣಿಕೆ ಮೊದಲ ಬಿಳಿ ಕುಣಿಕೆಯ ಒಳಗೆ ಹೋಗಬೇಕು. ಮುಂದಿನ ಬಿಳಿ ಕುಣಿಕೆಯನ್ನು ತನ್ನ ಒಳಗೆ ತೆಗೆದುಕೊಳ್ಳಬೇಕು. ಒಮ್ಮೆ ಒಳಹೊಗುವುದು, ಒಮ್ಮೆ ಒಳಗೊಳ್ಳುವುದು. ಎರಡನೆಯ ಪಟ್ಟಿ ಇದಕ್ಕೆ ತಿರುಗಾಮುರುಗಾ. ಕೊನೆಯ ಪಟ್ಟಿಗೆ ಜಾಗವೇ ಇರುವುದಿಲ್ಲ, ಕಾಗದ ಹರಿಯುವುದು ಹೆಚ್ಚಾಗಿ ಅಲ್ಲೇ. ಅದು ದಾಟಿತೋ, ನಡುವೆ ಬೆರಳಿಟ್ಟು ಬಿಡಿಸಿದರೆ ಬುಟ್ಟಿ ತೆರೆದುಕೊಳ್ಳುತ್ತದೆ.

ಸಾಹಿತ್ಯದ ಓದಿನಲ್ಲಿಯೂ ನಮಗೆ ಮೇಲೆ ಕೆಳಗಿನ ಅಭ್ಯಾಸವೇ ಬಲವಾಗಿದೆ. ಮೇಲೆ ಕತೆ, ಕೆಳಗೆ ಅರ್ಥ. ಮೇಲೆ ಮರ, ಕೆಳಗೆ ನೀತಿ. ಅಥವಾ ಮೇಲೆ ಮರ, ಕೆಳಗೆ ಲೇಖಕನ ಜೀವನ. ನೀತಿಯ ಓದೂ ಜೀವನಚರಿತ್ರೆಯ ಓದೂ ಪರಸ್ಪರ ವಿರುದ್ಧ ಎಂದು ನಾನು ನನ್ನ ಅಧ್ಯಾಯದಲ್ಲಿ ವಾದಿಸಿದ್ದೆ. ಎರಡೂ ಒಂದೇ ಹೆಣಿಗೆಯವು. 'ಫರ್ ಮರ' ಮೇಲೆ ಕೆಳಗೆ ಹೆಣೆದ ಕತೆಯಲ್ಲ. ಅದು ಒಳಗೆ ಹೊರಗೆ ಹೆಣೆದ ಕತೆ.

ಗುಬ್ಬಚ್ಚಿಗಳನ್ನೇ ನೋಡಿ. ಅವು ಹೊರಗಿನಿಂದ ಕಿಟಕಿಯ ಗಾಜಿನಲ್ಲಿ ಇಣುಕಿ ಒಳಗಿನ ಸಿಂಗಾರದ ಮರವನ್ನು ನೋಡಿದವು. ಮುಂದೆ ನಮ್ಮ ಮರ ಅದೇ ಹಜಾರದ ಒಳಗೆ ನಿಂತಾಗ ಅದಕ್ಕೆ ಬರುವ ಯೋಚನೆ ಏನು? ಕಾಡಿನ ಮರಗಳು ತನ್ನನ್ನು ನೋಡಲು ಬರುತ್ತವೆಯೇ, ಗುಬ್ಬಚ್ಚಿಗಳು ಕಿಟಕಿಗೆ ಹಾರಿ ಬರುತ್ತವೆಯೇ ಎಂದು. ಒಳಗೆ ಬಂದ ಮೇಲೆ ಅದಕ್ಕೆ ಬೇಕಾದದ್ದು ಹೊರಗಿನ ಕಣ್ಣು. ಆಸೆ ಎಂದು ನಾವು ಒಂದೇ ಪದದಲ್ಲಿ ಕರೆಯುವುದಕ್ಕೆ ಇಲ್ಲಿ ಒಂದು ರಚನೆ ಇದೆ. ಹೊರಗಿದ್ದಾಗ ಒಳಗು ಬೇಕು, ಒಳಗಿದ್ದಾಗ ತನ್ನನ್ನು ನೋಡುವ ಹೊರಗು ಬೇಕು. ಅಟ್ಟದಲ್ಲಿ ಮರ ಮನೆಯ ಒಳಗೇ ಇದೆ, ಮನೆಯವರ ಲೆಕ್ಕದಿಂದ ಹೊರಗಿದೆ. ಅಂಗಳಕ್ಕೆ ಬಂದಾಗ ಬಯಲು, ಬಿಸಿಲು, ಬೇಲಿಯಾಚೆ ಅರಳಿದ ಗುಲಾಬಿ. ಮತ್ತೆ ಬದುಕುತ್ತೇನೆ ಎಂದು ಮರ ಕೊಂಬೆ ಚಾಚುತ್ತದೆ. ಕೊಂಬೆಗಳೆಲ್ಲ ಒಣಗಿ ಹಳದಿಯಾಗಿವೆ. ಹೊರಗೆ ಬಂದಿದೆ, ಆದರೆ ಮೊದಲಿನ ಹೊರಗಿಗೆ ದಾರಿಯಿಲ್ಲ.

ಕೊನೆಯ ದೃಶ್ಯದಲ್ಲಿ ಈ ಹೆಣಿಗೆಯ ಕಡೆಯ ಪಟ್ಟಿ ದಾಟುತ್ತದೆ. ಕಡಿದ ತುಂಡುಗಳು ಹಂಡೆಯ ಕೆಳಗೆ ಉರಿಯುತ್ತಿವೆ. ಪ್ರತಿ ತುಂಡೂ ನಿಟ್ಟುಸಿರಿಡುತ್ತದೆ, ಆ ನಿಟ್ಟುಸಿರು ಹೊರಗಿನವರಿಗೆ ಪಟಾಕಿ ಸಿಡಿದ ಹಾಗೆ ಕೇಳುತ್ತದೆ. ಮಕ್ಕಳು ಓಡಿಬಂದು ಬೆಂಕಿಯೆದುರು ಕೂತು, ಆ ಸಿಡಿತಕ್ಕೆ ಸರಿಯಾಗಿ ಕೂಗು ಹಾಕುತ್ತಾರೆ. ನಿರೂಪಕ ಮಾತ್ರ ನಮಗೆ ಹೇಳುತ್ತಾನೆ: ಒಂದೊಂದು ನಿಟ್ಟುಸಿರಿನಲ್ಲೂ ಮರ ಕಾಡಿನ ಒಂದು ಬೇಸಿಗೆಯ ಹಗಲನ್ನೋ, ಚಳಿಗಾಲದ ಒಂದು ಇರುಳನ್ನೋ, ಆ ಕ್ರಿಸ್‌ಮಸ್ ಸಂಜೆಯನ್ನೋ, ತಾನು ಕೇಳಿದ ಒಂದೇ ಕತೆಯನ್ನೋ ನೆನೆಯುತ್ತಿತ್ತು. ಒಂದೇ ಸದ್ದು, ಹೊರಗಿನಿಂದ ಆಟ, ಒಳಗಿನಿಂದ ಒಂದು ಇಡೀ ಬದುಕು. ಗುಬ್ಬಚ್ಚಿಗಳು ಗಾಜಿನಾಚೆಯಿಂದ ಬೆಳಕಿನ ಮರವನ್ನು ನೋಡಿದ ಹಾಗೆಯೇ ಈಗ ಮಕ್ಕಳು ಉರಿಯುವ ಮರವನ್ನು ನೋಡುತ್ತಿದ್ದಾರೆ. ಇದು ಆ ಮರದ ಎರಡನೆಯ ದೀಪಾಲಂಕಾರ.

ಮಕ್ಕಳ ಮೇಲೆ ಸಿಟ್ಟಾಗುವುದಕ್ಕೂ ಕತೆ ನಮ್ಮನ್ನು ಬಿಡುವುದಿಲ್ಲ. ಅವರಿಗೆ ಒಳಗಿನ ದನಿ ಕೇಳಿಸುತ್ತಿಲ್ಲ, ಅಷ್ಟೇ. ನಮಗೆ ಎರಡೂ ಕೇಳಿಸುತ್ತಿದೆ, ಆದರೆ ನಾವು ಏನೂ ಮಾಡುವಂತಿಲ್ಲ. ಈ ಇಕ್ಕಟ್ಟಿನಲ್ಲಿ ಓದುಗರನ್ನು ಕೂರಿಸುವುದೇ ಕತೆಯ ಕೆಲಸ. ಬರೀ ಹೊರಗೆ ನಿಂತರೆ ನೀತಿ ಸಿಗುತ್ತದೆ: ಮೂರ್ಖ ಮರ. ಬರೀ ಒಳಗೆ ಕೂತರೆ ಕಣ್ಣೀರು ಸಿಗುತ್ತದೆ: ಪಾಪದ ಮರ, ಪಾಪದ ಆಂಡರ್ಸನ್. ಎರಡರ ನಡುವೆ ಓಡಾಡಿದಾಗಷ್ಟೇ ನೀತಿಯ ಒಂದು ಬಿರುಕು ಕಾಣುತ್ತದೆ. ಈ ಕ್ಷಣವನ್ನು ಅನುಭವಿಸು ಎನ್ನುವ ಬೋಧೆಯನ್ನು ಕತೆಯಲ್ಲಿ ನಿಜವಾಗಿ ಪಾಲಿಸುವವರು ಯಾರು? ಮಕ್ಕಳು. ಅವರಿಗೆ ನಿನ್ನೆಯಿಲ್ಲ, ನಾಳೆಯಿಲ್ಲ. ಆ ಸಂತೋಷದ ಭರದಲ್ಲೇ ಅವರು ಮರದ ಮೇಲೆ ಮುಗಿಬೀಳುತ್ತಾರೆ, ಕೊಂಬೆಗಳು ಲಟಲಟ ಎನ್ನುತ್ತವೆ. ತುದಿಯನ್ನು ನಕ್ಷತ್ರದ ಸಮೇತ ಛಾವಣಿಗೆ ಬಿಗಿದಿರದಿದ್ದರೆ ಮರವೇ ಉರುಳುತ್ತಿತ್ತು. ಸೂರ್ಯಕಿರಣಗಳ ಉಪದೇಶ ಮರದ ಬಾಯಲ್ಲಿ ಕೊನೆಗೆ ಬಂದರೂ, ಕತೆ ಆ ಉಪದೇಶವನ್ನು ಅಷ್ಟು ಸುಲಭಕ್ಕೆ ಒಪ್ಪಿಲ್ಲ. ಒಬ್ಬರ ತುಂಬಿದ ಕ್ಷಣ ಇನ್ನೊಬ್ಬರ ಮುರಿದ ಕೊಂಬೆಯಾಗಬಹುದು ಎಂಬುದನ್ನೂ ಅದು ತೋರಿಸಿದೆ.

*

ಮುರಿದ ಕೊಂಬೆ ಎಂದಾಗ ಕನ್ನಡದ ಓದುಗರಿಗೆ ಇನ್ನೊಂದು ಮರ ನೆನಪಾಗದೆ ಇರದು. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಕತೆಗಳ ಸಂಪುಟಕ್ಕೆ ಹೆಸರನ್ನೂ ಕೊಟ್ಟ, ಹೂಮರವಾಗುವ ಹುಡುಗಿಯ ಕತೆ. ಬಡತನ ನೀಗಲೆಂದು ಹುಡುಗಿ ಎರಡು ಕೊಡ ನೀರಿನ ಸಹಾಯದಿಂದ ಮರವಾಗುತ್ತಾಳೆ, ಅಕ್ಕ ಹೂ ಬಿಡಿಸಿಕೊಳ್ಳುತ್ತಾಳೆ, ಮತ್ತೆ ನೀರು ಸುರಿದರೆ ಹುಡುಗಿಯಾಗುತ್ತಾಳೆ. ಹೂವನ್ನು ಹೇಗೆ ಬಿಡಿಸಬೇಕು, ಎಲೆ ಕೊಂಬೆಗೆ ಹೇಗೆ ನೋವಾಗಬಾರದು ಎಂಬ ಎಚ್ಚರ ಆ ಕತೆಯ ಜೀವಾಳ. ಮದುವೆಯಾದ ಮೇಲೆ ನಾದಿನಿಯೂ ಅವಳ ಗೆಳತಿಯರೂ ಅವಳನ್ನು ಬಲವಂತವಾಗಿ ಮರವಾಗಿಸಿ, ಹೂವು ಕಿತ್ತು, ಕೊಂಬೆ ಮುರಿದು, ನೀರನ್ನೂ ಹೇಗೆಂದರೆ ಹಾಗೆ ಎರಚಿ ಓಡಿಹೋಗುತ್ತಾರೆ. ಹುಡುಗಿ ಅತ್ತ ಮರವೂ ಅಲ್ಲದ ಇತ್ತ ಮನುಷ್ಯಳೂ ಅಲ್ಲದ ಅರ್ಧ ದೇಹವಾಗಿ ಉಳಿಯುತ್ತಾಳೆ.

ಎರಡು ಕತೆಗಳಿಗೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಕ್ಕಪಕ್ಕ ಇಟ್ಟಾಗ ಒಂದನ್ನು ಇನ್ನೊಂದು ಬೆಳಗುತ್ತದೆ. ಎರಡರಲ್ಲೂ ಸಂಭ್ರಮದ ಗುಂಪು ಮರವನ್ನು ಸೂರೆ ಮಾಡುತ್ತದೆ. ಎರಡರಲ್ಲೂ ಮರದ ಒಳಗೆ ಒಂದು ಜೀವ ಇದೆ, ಹೊರಗಿನವರಿಗೆ ಅದರ ಪರಿವೆಯಿಲ್ಲ. ಕನ್ನಡದ ಕತೆಯಲ್ಲಿ ಕೊನೆಗೆ ಒಬ್ಬರು ಮುರಿದ ಕೊಂಬೆಗಳನ್ನು ಜೋಡಿಸಿ, ನೀರನ್ನು ಸರಿಯಾಗಿ ಸುರಿದು ಅವಳನ್ನು ಪೂರ್ತಿ ಮಾಡುತ್ತಾರೆ. ಹಾಳಾದದ್ದನ್ನು ಸರಿಮಾಡುವ ಕೈಕೆಲಸ ಕತೆಯ ಒಳಗೇ ಇದೆ. ಆಂಡರ್ಸನ್‌ನ ಕತೆಯಲ್ಲಿ ಯಾರೂ ನೀರು ಸುರಿಯುವುದಿಲ್ಲ. ಅಟ್ಟದಲ್ಲಿ ಮರಕ್ಕೆ ಇರುವುದು ಹೇಳುವ ಕೆಲಸ ಒಂದೇ. ಅದನ್ನೂ ಇಲಿಮರಿಗಳು ಎಷ್ಟು ದಿನ ಕೇಳಿಯಾವು? ಅಲ್ಲಿ ಮರ ಮತ್ತೆ ಇಡಿಯಾಗುವುದು ಕತೆಯ ಒಳಗೆ ಸಾಧ್ಯವಿಲ್ಲ. ಆ ಕೆಲಸ ಏನಾದರೂ ಆಗುವುದಿದ್ದರೆ ಓದುವವರ ಕೈಯಲ್ಲಿ ಆಗಬೇಕು.

*

ಇದೆಲ್ಲ ಮಕ್ಕಳ ಕೈಗೆಲಸ, ಇದಕ್ಕೂ ವಿಚಾರಕ್ಕೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಆಂಡರ್ಸನ್‌ನ ಸಮಕಾಲೀನನಾದ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಅಲ್ಲಿ ಕಾಗದ ಮಡಚುವುದು, ಪಟ್ಟಿ ಹೆಣೆಯುವುದು ಪಾಠದ ಭಾಗವೇ ಆಗಿತ್ತು. ಮಗು ಮಾಡುವ ಆಕೃತಿಗಳನ್ನು ಅವನು ಮೂರು ಬಗೆಯಾಗಿ ಕಂಡ: ಬದುಕಿನ ರೂಪ, ಅರಿವಿನ ರೂಪ, ಚೆಲುವಿನ ರೂಪ. ಅದೇ ಚೌಕ ಕಾಗದ ಒಮ್ಮೆ ದೋಣಿ, ಒಮ್ಮೆ ಗಣಿತದ ತ್ರಿಕೋನ, ಒಮ್ಮೆ ನಕ್ಷತ್ರ. ಈ ಶಾಲೆಗಳನ್ನು ಪ್ರಷ್ಯದ ಸರ್ಕಾರ 1851ರಲ್ಲಿ ನಿಷೇಧಿಸಿತು, 1860ರವರೆಗೂ ಆ ನಿಷೇಧ ಇತ್ತು. ಕಾಗದ ಮಡಚುವ ಮಕ್ಕಳನ್ನು ಒಂದು ಸರ್ಕಾರ ನಮ್ಮ ವಿಮರ್ಶಕರಿಗಿಂತ ಗಂಭೀರವಾಗಿ ತೆಗೆದುಕೊಂಡಿತ್ತು! ನಾಲ್ಕು ಕಾಗದದ ಪಟ್ಟಿಗಳಿಂದ ಹೆಣೆಯುವ ಕ್ರಿಸ್‌ಮಸ್ ನಕ್ಷತ್ರವೊಂದು ಈಗಲೂ ಫ್ರೋಬೆಲ್‌ನ ಹೆಸರಿನಲ್ಲೇ ಇದೆ.

ಆ ಕಿಂಡರ್‌ಗಾರ್ಟನ್ ಕಾಗದ ಭಾರತಕ್ಕೂ ಬಂತು. ಟಿ. ಸುಂದರ ರಾವ್ ಎಂಬವರು ಅದರಿಂದ ಪ್ರೇರಣೆ ಪಡೆದು, ಕಾಗದ ಮಡಚುವುದರಿಂದಲೇ ಜ್ಯಾಮಿತಿಯನ್ನು ಕಲಿಸುವ ಪುಸ್ತಕವೊಂದನ್ನು ಇಂಗ್ಲಿಷಿನಲ್ಲಿ ಬರೆದು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಮುಂದೆ ಅದು ಅಮೆರಿಕದಲ್ಲೂ ಅಚ್ಚಾಯಿತು. ಜರ್ಮನಿಯ ಮಗುವಿನ ಕೈಯಲ್ಲಿ ಸಿಂಗಾರವಾದ ಮಡಿಕೆ ಮದರಾಸಿನಲ್ಲಿ ಸಾಧನೆಯ ಹೆಜ್ಜೆಯಾಯಿತು. ಅಲಂಕಾರ ಒಂದು ಕಡೆ, ಅರಿವು ಇನ್ನೊಂದು ಕಡೆ ಎನ್ನುವ ವಿಭಾಗ ಕಾಗದಕ್ಕೆ ಗೊತ್ತಿಲ್ಲ. ಮಕ್ಕಳ ಕತೆಗಳ ವಿಷಯದಲ್ಲಿಯೂ ನಾವು ಅದನ್ನೇ ಮರೆಯುತ್ತೇವೆ. ಬದುಕಿನ ರೂಪವನ್ನು ನೀತಿ ಎಂದು ಸುಲಿದುಕೊಂಡು, ಉಳಿದದ್ದನ್ನು ಸಿಪ್ಪೆ ಎಂದು ಎಸೆಯುತ್ತೇವೆ.

*

ನಕ್ಷತ್ರದ ವಿಷಯ ಬಾಕಿ ಇದೆ. ಮರವನ್ನು ಅಂಗಳದ ಮೂಲೆಯಲ್ಲಿ ಕಳೆಯ ನಡುವೆ ಎಸೆದಾಗ ಅದರ ತುದಿಯಲ್ಲಿ ಬೇಗಡೆಯ ನಕ್ಷತ್ರ ಇನ್ನೂ ಉಳಿದಿರುತ್ತದೆ, ಬಿಸಿಲಿಗೆ ಹೊಳೆಯುತ್ತಿರುತ್ತದೆ. ಒಬ್ಬ ಚಿಕ್ಕ ಹುಡುಗ ಅದನ್ನು ಕಿತ್ತುಕೊಳ್ಳುತ್ತಾನೆ. ಮರ ಬೂದಿಯಾದ ಮೇಲೆ, ಆಡುತ್ತಿರುವ ಹುಡುಗನ ಎದೆಯ ಮೇಲೆ ಆ ನಕ್ಷತ್ರ ಇರುತ್ತದೆ. ಮರಕ್ಕೂ ಕತೆಗೂ ಒಟ್ಟಿಗೆ ಮುಗಿಯಿತು ಎಂದು ಹೇಳಿ ಆಂಡರ್ಸನ್ ನಿಲ್ಲಿಸುತ್ತಾನೆ.

ಇದನ್ನು ನಾನು ಅಧ್ಯಾಯದಲ್ಲಿ ವ್ಯಂಗ್ಯ ಎಂದು ಬರೆದಿದ್ದೆ. ಬೇರಿದ್ದ ಮರ ಉರಿದು ಹೋಯಿತು, ಒಂದು ಸಂಜೆಗಾಗಿ ಅಂಟಿಸಿದ ತಗಡು ಉಳಿಯಿತು. ವ್ಯಂಗ್ಯ ಇದೆ, ಇಲ್ಲವೆಂದಲ್ಲ. ಆದರೆ ಆ ನಕ್ಷತ್ರ ಈಗ ಬರೀ ತಗಡಲ್ಲ. ಮರದ ಅತ್ಯಂತ ಸುಖದ ಸಂಜೆಯನ್ನು ಅದು ಹೊತ್ತಿದೆ, ಹೊತ್ತುಕೊಂಡವನಿಗೆ ಅದು ಗೊತ್ತಿಲ್ಲ. ನಮಗೆ ಗೊತ್ತಿದೆ. ಒಂದು ಒಳಗು ಇನ್ನೊಂದರ ಹೊರಗಾಗಿ ಉಳಿಯುವುದು ಹೀಗೆಯೇ. ಆಂಡರ್ಸನ್ 1875ರಲ್ಲಿ ತೀರಿಕೊಂಡ. ಯಾರದೋ ಮನೆಯ ಮಕ್ಕಳಿಗಾಗಿ, ಒಂದು ಸಂಜೆಯ ಮಟ್ಟಿಗೆ ಎಂದು ಅವನು ಕತ್ತರಿಸಿದ ಕಾಗದಗಳು ಇವತ್ತೂ ಇವೆ. ಅವುಗಳನ್ನು ಕತ್ತರಿಸುವಾಗ ಅವನು ಹೇಳಿದ ಕತೆಗಳು ಮಾತ್ರ ಆ ಹಜಾರಗಳಲ್ಲೇ ಉಳಿದುಹೋದವು.

ಆಮೇಲೆ ನಾನು ಇನ್ನೊಂದು ಹೃದಯ ಹೆಣೆದೆ. ಅದರ ಕೊನೆಯ ಪಟ್ಟಿ ಹರಿಯಿತು. ಮತ್ತೊಂದಕ್ಕೆ ಸೀಳನ್ನು ಒಂದು ಎಳೆ ಹೆಚ್ಚು ಬಿಟ್ಟು, ಒಳಗೆ ಹೊರಗೆ, ಒಳಗೆ ಹೊರಗೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಹೆಣೆದೆ. ತೆರೆಯಿತು. ರೂಮ್‌ಮೇಟ್ ಅದರಲ್ಲಿ ಎರಡು ಕಡಲೆಮಿಠಾಯಿ ಹಾಕಿ ಕಿಟಕಿಯ ಸರಳಿಗೆ ನೇತುಹಾಕಿದಳು. ಮಿಠಾಯಿ ಅವತ್ತೇ ಖಾಲಿಯಾಯಿತು. ಜನವರಿಯ ಹೊತ್ತಿಗೆ ಕೆಂಪು ಮಾಸಿತು. ಈಗ ಅದು ಚಪ್ಪಟೆಯಾಗಿ ಅಧ್ಯಾಯದ ಹಾಳೆಗಳ ನಡುವೆ ಇದೆ. ಅಧ್ಯಾಯವನ್ನು ಮೊದಲಿಂದ ಬರೆಯುತ್ತಿದ್ದೇನೆ. ಹಳೆಯ ನಲವತ್ತು ಪುಟಗಳಲ್ಲಿ ಹನ್ನೊಂದು ಉಳಿದಿವೆ. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ ಬಂದರೆ, ಮೊದಲು ಸಿಂಗಾರದ ಭಾಗವನ್ನು ಓದಿ ಕೇಳಿಸಬೇಕೆಂದಿದ್ದೇನೆ.